ನೇರ ತರಗತಿಯಿಂದ ವಿದ್ಯಾರ್ಥಿಗಳು ನಡುವೆಯೇ ಹೊರಬೀಳುತ್ತಿದ್ದರೆ

ಸಾಂಕ್ರಾಮಿಕದಿಂದಾಗಿ ಹಾಸ್ಟೆಲ್ ಮುಚ್ಚಿದ ಮೇಲೆ ನಿಮ್ಮ ಗ್ರಾಮೀಣ ವಿಶ್ವವಿದ್ಯಾಲಯದ ವಿಡಿಯೊ ತರಗತಿಗಳಿಂದ ಅರ್ಧದಷ್ಟು ಮಂದಿ ಹತ್ತೇ ನಿಮಿಷದಲ್ಲಿ ಮರೆಯಾಗುತ್ತಿದ್ದರೆ, ಅದಕ್ಕೆ ನಿರಾಸಕ್ತಿಗಿಂತ ಹೆಚ್ಚಾಗಿ ದುರ್ಬಲ ಸಿಗ್ನಲ್ ಮತ್ತು ಬೇಗ ಮುಗಿಯುವ ಡೇಟಾ ಕಾರಣವಿರಬೇಕು. ಮನೆಯವರೆಲ್ಲರಿಗೂ ಒಂದೇ ಫೋನ್ ಇರುವ ಸಾಧ್ಯತೆಯೂ ಇದೆ. ಯಾವುದೆಂಬುದು ಕೇಳಿದ ಮೇಲಷ್ಟೇ ತಿಳಿಯುತ್ತದೆ.

ಆದ್ದರಿಂದ ಮೊದಲು ಪ್ರತಿಯೊಬ್ಬರಿಗೂ ಕರೆ ಮಾಡಿಸಿ, ಫೋನ್ ಯಾರದು, ಸಿಗ್ನಲ್ ಎಲ್ಲಿ ಮತ್ತು ಯಾವ ಹೊತ್ತಿನಲ್ಲಿ ಸಿಗುತ್ತದೆ ಎಂದು ವಿಚಾರಿಸಿ. ಇದನ್ನೇ ಆನ್‌ಲೈನ್ ನಮೂನೆಯಲ್ಲಿ ಕೇಳಿದರೆ ಸಂಪರ್ಕ ಚೆನ್ನಾಗಿರುವವರು ಮಾತ್ರ ಉತ್ತರಿಸುತ್ತಾರೆ. ನಾವು ಮೊದಲು ಎಡವಿದ್ದೇ ಅಲ್ಲಿ.

ಅನಂತರ ಉಪನ್ಯಾಸವನ್ನು ಧ್ವನಿಯಾಗಿ ಮುದ್ರಿಸಿ. 32 ಕೆಬಿಪಿಎಸ್ (ಸೆಕೆಂಡಿಗೆ 32 ಕಿಲೋಬಿಟ್) ಮಟ್ಟದಲ್ಲಿ ಉಳಿಸಿದರೆ ಒಂದು ಗಂಟೆಯ ಮಾತು ಸುಮಾರು 14 ಎಂಬಿಯಷ್ಟೇ ಆಗುತ್ತದೆ, ಆದರೆ ಅಷ್ಟೇ ಹೊತ್ತಿನ ವಿಡಿಯೊ ಕರೆ ನೂರಾರು ಎಂಬಿ ನುಂಗುತ್ತದೆ. ಅದನ್ನು ಹದಿನೈದು ನಿಮಿಷಗಳ ತುಣುಕುಗಳಾಗಿ ಕತ್ತರಿಸಿ, ಸಣ್ಣ ಗಾತ್ರದ ಪಿಡಿಎಫ್ ಟಿಪ್ಪಣಿಯೊಡನೆ ಕಳುಹಿಸಿದರೆ, ಮಾಳಿಗೆಯ ಮೂಲೆಯಲ್ಲಿ ನಿಂತಾಗ ಮಾತ್ರ ಸಿಗ್ನಲ್ ಸಿಗುವ ವಿದ್ಯಾರ್ಥಿಯೂ ಅಲ್ಲಿ ಇಳಿಸಿಕೊಂಡು, ಕೆಳಗೆ ಬಂದು ಕೇಳಬಲ್ಲನು. ನೇರ ವಿಡಿಯೊ ತರಗತಿಯನ್ನು ವಾರಕ್ಕೊಮ್ಮೆ, ಅರ್ಧ ಗಂಟೆ, ಸಂದೇಹಗಳಿಗೆ ಮಾತ್ರ ಮೀಸಲಿಡಿ.

ಲಾಗಿನ್ ಆಧಾರಿತ ಹಾಜರಾತಿಯನ್ನು ಕೈಬಿಡಲು ವಿಭಾಗದಿಂದ ಲಿಖಿತ ಒಪ್ಪಿಗೆ ಪಡೆದು, ವಾರದ ಒಂದು ಪುಟದ ಉತ್ತರವನ್ನೇ ಹಾಜರಾತಿಯೆಂದು ಎಣಿಸಿ. ಫೋನೇ ಇಲ್ಲದವರಿಗೆ ಮುದ್ರಿತ ಟಿಪ್ಪಣಿಗಳನ್ನು ಅಂಚೆಯಲ್ಲಿ ಕಳುಹಿಸಿ. ಪ್ರಯೋಗಾಲಯದ ಕೆಲಸಕ್ಕೆ ಇದಾವುದೂ ಬದಲಿಯಲ್ಲ. ಅದನ್ನು ಮುಂದೂಡಿ, ಆವರಣ ತೆರೆದಾಗ ಸಣ್ಣ ತಂಡಗಳಲ್ಲಿ ಮುಗಿಸಿ.