ನಿಮ್ಮ ಬೋರ ಎರಡು ಬೀಡಿ ಇಟ್ಟದ್ದೇಕೆ?

ಪ್ರಿಯರೇ,

ಮಂಡ್ಯದಿಂದ ನೀವು ಕಳಿಸಿದ ‘ಹಂಗಿಲ್ಲದವನು’ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ. ಆದರೆ ಸುಮ್ನೆ ‘ವಿಷಾದಿಸುತ್ತೇವೆ’ ಅಂತ ಚೀಟಿ ಅಂಟಿಸಿ ವಾಪಸ್ ಕಳಿಸುವುದಕ್ಕೂ ಮನಸ್ಸು ಬರಲಿಲ್ಲ. ಕಾರಣ ಐದನೇ ಪುಟ.

ಅಲ್ಲಿ ನಿಮ್ಮ ಖದೀಮ ಬೋರ ವಿಶ್ವೇಶ್ವರಯ್ಯ ನಾಲೆಯ ತೂಬು ಎತ್ತಿ, ರಾತ್ರೋರಾತ್ರಿ ತನ್ನ ಗದ್ದೆಗೆ ನೀರು ತಿರುಗಿಸಿಕೊಳ್ಳುತ್ತಾನೆ. ನೀರು ಕಾಯಬೇಕಾದ ನೀರುಗಂಟಿ ಏರಿ ಮೇಲೆ ಟವೆಲ್ ಹೊದ್ದು ಮಲಗಿದ್ದಾನೆ. ಬೋರ ಅವನ ತಲೆದೆಸೆಯಲ್ಲಿ ಎರಡು ಬೀಡಿ ಇಟ್ಟು ಹೊರಡುತ್ತಾನೆ. ನಾಲ್ಕು ಹೆಜ್ಜೆ ಹೋದವನು ತಿರುಗಿ ಬಂದು, ಇಬ್ಬನಿಗೆ ನೆನೆಯದಿರಲಿ ಅಂತ ಅವನ್ನು ಟವೆಲ್ಲಿನ ಮಡಿಕೆಯೊಳಗೆ ತಳ್ಳುತ್ತಾನೆ. ಅದು ಲಂಚವೋ, ಗೇಲಿಯೋ, ಅಕ್ಕರೆಯೋ? ನೀವು ಹೇಳಿಲ್ಲ. ಹೇಳದೆ ಬಿಟ್ಟಿದ್ದಕ್ಕೇ ಅವನು ಇನ್ಯಾರೂ ಅಲ್ಲದ ಬೋರ ಆದ.

ಮುಂದಿನ ಪುಟದಲ್ಲೇ ಕೆಡಿಸಿದ್ದೀರಿ. ‘ಅವನು ಸ್ವತಂತ್ರ’ ಅನ್ನುವುದು ಒಂಬತ್ತು ಸಲ ಬಂದಿದೆ, ಎಣಿಸಿದೆ. ‘ಒಂಟಿ ಸಲಗ’ ಮೂರು ಸಲ. ಮೇಲೆ ಫ್ರೆಂಚ್ ತತ್ವಜ್ಞಾನಿ ಸಾರ್ತ್ರ್ ಬೇರೆ. ಮನುಷ್ಯನಿಗೆ ಸ್ವಾತಂತ್ರ್ಯವೇ ಶಿಕ್ಷೆ ಅಂತ 1945ರ ಪ್ಯಾರಿಸ್ ಭಾಷಣದಲ್ಲಿ ಆತ ಹೇಳಿದ್ದು ನಿಜ. ಮಾಡಿದ್ದಕ್ಕೆಲ್ಲ ಅವನೇ ಹೊಣೆ ಅಂತಲೂ ಅಲ್ಲೇ ಇದೆ. ಆ ಅರ್ಧವನ್ನು ನೀವು ಬಿಟ್ಟಿದ್ದೀರಿ. ಕೇಳುವವರಿಲ್ಲ ಅನ್ನುವುದೇ ಸ್ವಾತಂತ್ರ್ಯವಾದರೆ, ಇಲ್ಲಿ ಮೈಸೂರಿನ ದೇವರಾಜ ಮಾರುಕಟ್ಟೆ ಹತ್ತಿರ ಕೊತ್ತಂಬರಿ ಕಟ್ಟಿಗೆ ಬಾಯಿ ಹಾಕುವ ಬಿಡಾಡಿ ದನವೂ ಸ್ವತಂತ್ರವೇ, ಅಲ್ವಾ?

ಬಿಡುವಾದಾಗ ಶೂದ್ರಕನ ಸಂಸ್ಕೃತ ನಾಟಕ ಮೃಚ್ಛಕಟಿಕದ ಮೂರನೇ ಅಂಕ ತೆಗೆಯಿರಿ. ಶರ್ವಿಲಕ ಚಾರುದತ್ತನ ಮನೆಗೆ ಕನ್ನ ಹಾಕಲು ಬಂದಿದ್ದಾನೆ. ಕೈಮುಗಿದು ಚಾಕರಿ ಮಾಡುವುದಕ್ಕಿಂತ, ಬೈಸಿಕೊಂಡರೂ ತನ್ನ ಪಾಡಿಗೆ ತಾನಿರುವುದು ಮೇಲು ಅಂತ ಅವನ ವಾದ. ನಿಮ್ಮ ಬೋರನದೂ ಇದೇ ತಾನೇ? ಆದರೆ ಶರ್ವಿಲಕನಿಗೆ ಕನ್ನದ ಆಕಾರದ್ದೇ ದೊಡ್ಡ ಚಿಂತೆ. ಬೆಳಿಗ್ಗೆ ಊರವರು ನೋಡಿ ಮೆಚ್ಚಬೇಕು! ಕೊನೆಗೆ ಪೂರ್ಣಕುಂಭ ಅಂತ ತೀರ್ಮಾನಿಸುತ್ತಾನೆ. ಅಳೆಯುವ ದಾರ ಮರೆತು ಬಂದಿದ್ದಾನೆ, ಜನಿವಾರದಲ್ಲೇ ಅಳೆಯುತ್ತಾನೆ. ಹಾವು ಕಚ್ಚಿದರೆ ಕಟ್ಟುವುದಕ್ಕೂ ಅದು ಬರುತ್ತದಂತೆ. ಇಷ್ಟೆಲ್ಲ ಯಾಕೆ? ದಾಸಿಯಾಗಿರುವ ತನ್ನ ಪ್ರೇಯಸಿ ಮದನಿಕೆಯನ್ನು ಬಿಡಿಸಿಕೊಳ್ಳಲು. ಕದ್ದ ಒಡವೆ ನೋಡಿ ಬೆಚ್ಚುವವಳೂ ಅವಳೇ.

ಬೋರನ ಎದುರಿಗೂ ಅಂಥ ಒಂದು ಮುಖ ಬೇಕು. ನಿಮ್ಮ ಕಥೆಯಲ್ಲೇ ಇದೆ. ‘ನಾಲೆ ಕೊನೆಯ ಸಾಕಮ್ಮನ ಪೈರು ಒಣಗಿತ್ತು’ ಅಂತ ಒಂದೇ ಸಾಲು ಬರೆದು ದಾಟಿಬಿಟ್ಟಿದ್ದೀರಿ. ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಕಟ್ಟು ಪದ್ಧತಿಯಲ್ಲಿ ನೀರು ಬಿಡುವಾಗ ಮೇಲಿನವನು ಒಂದು ರಾತ್ರಿ ತಿರುಗಿಸಿಕೊಂಡರೆ ಕೊನೆಯವರ ಗತಿ ಏನು ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಬೆಳಿಗ್ಗೆ ಸಾಕಮ್ಮ ಬದುವಿನ ಮೇಲೆ ಎದುರಾದರೆ ಬೋರ ಏನು ಮಾಡುತ್ತಾನೆ? ಕ್ಷಮೆ ಕೇಳಿಸಬೇಡಿ, ಒಳ್ಳೆಯವನನ್ನಾಗಿಯೂ ಮಾಡಬೇಡಿ. ಬೇಕಾದರೆ ಹಲ್ಲು ಕಿರಿದು ಸುಳ್ಳು ಹೇಳಲಿ. ಆ ಸುಳ್ಳು ಬೋರನೇ ಹೇಳಬಲ್ಲಂಥದ್ದಾಗಿರಲಿ.

ಮಾತಿನ ಬಗ್ಗೆ ಒಂದು. ‘ವಸಿ ತಡ್ಕಳಪ್ಪ’ ಅನ್ನುವವನು ‘ನನ್ನ ಅಸ್ತಿತ್ವವೇ ನನ್ನ ಬಂಡಾಯ’ ಅನ್ನುವುದಿಲ್ಲ. ಎರಡನೆಯದು ನಿಮ್ಮ ಬಾಯಿ.

ಆರು, ಏಳನೇ ಪುಟಗಳಿಗೆ ಪೂರ್ತಿ ಗೀಟು ಹಾಕಿದ್ದೇನೆ, ಸಿಟ್ಟಾಗಬೇಡಿ. ಬೀಡಿ ಇರುವ ಪುಟಕ್ಕೆ ನಾನು ಕೈ ಹಾಕಿಲ್ಲ, ನೀವೂ ಹಾಕಬೇಡಿ. ದಸರಾ ಮುಗಿಯುವುದರೊಳಗೆ ತಿದ್ದಿ ಕಳಿಸಿದರೆ ಮತ್ತೆ ಓದುತ್ತೇನೆ.