ನ್ಯೂಜೆರ್ಸಿಯಲ್ಲಿ ಪ್ರಾಪರ್ಟಿ ಟ್ಯಾಕ್ಸ್ ಇಷ್ಟೊಂದು ಇರುವುದು ಟೀಚರ್‌ಗಳ ಸಂಬಳದಿಂದಲಾ?

ನೀವು ಕೇಳಿರುವುದು ಇಷ್ಟು. ಮಿಡಲ್‌ಸೆಕ್ಸ್ ಕೌಂಟಿಯಲ್ಲಿ ಮನೆ ನೋಡುತ್ತಿದ್ದೀರಿ. ಪ್ರಾಪರ್ಟಿ ಟ್ಯಾಕ್ಸ್ ವರ್ಷಕ್ಕೆ 13 ಸಾವಿರ ಡಾಲರ್ ಅಂತ ಗೊತ್ತಾಗಿ ಗಾಬರಿಯಾಗಿದ್ದೀರಿ. ಆಫೀಸಿನಲ್ಲಿ ಯಾರೋ "ಅದೆಲ್ಲಾ ಪಬ್ಲಿಕ್ ಸ್ಕೂಲ್ ಟೀಚರ್‌ಗಳ ಸಂಬಳಕ್ಕೆ, ಪೆನ್ಷನ್‌ಗೆ ಹೋಗುತ್ತೆ" ಅಂದರಂತೆ. ಅದು ನಿಜವಾ ಅಂತ ನಿಮ್ಮ ಪ್ರಶ್ನೆ.

ಸಂಬಳದ ಮಾತಿನಲ್ಲಿ ಸ್ವಲ್ಪ ನಿಜ ಇದೆ. ಪೆನ್ಷನ್ ಮಾತು ತಪ್ಪು. ಟೀಚರ್‌ಗಳಿಗೆ ಅತಿಯಾಗಿ ಕೊಡುತ್ತಿರುವುದರಿಂದಲೇ ತೆರಿಗೆ ಇಷ್ಟಾಗಿದೆ ಅನ್ನುವುದನ್ನಂತೂ ನಾನು ಒಪ್ಪುವುದಿಲ್ಲ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನನ್ನ ಹೆಂಡತಿ ಪಕ್ಕದ ಊರಿನ ಪಬ್ಲಿಕ್ ಶಾಲೆಯಲ್ಲಿ ಟೀಚರ್. ಆ ಸಂಬಳ ನಮ್ಮ ಮನೆಗೆ ಬರುತ್ತದೆ, ಈ ತೆರಿಗೆಯನ್ನೂ ನಾವೇ ಕಟ್ಟುತ್ತೇವೆ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ.

ಮೊದಲು ಬಿಲ್ಲು ನೋಡೋಣ. ಮನೆ ಸಾಲ ಇರುವವರು ಸಾಮಾನ್ಯವಾಗಿ ಅದನ್ನು ಓದುವುದೇ ಇಲ್ಲ. ಬ್ಯಾಂಕಿನವರು ಸಾಲದ ಕಂತಿನ ಜೊತೆಗೆ ಎಸ್ಕ್ರೋ ಅಂತ ಹಿಡಿದುಕೊಂಡು ತಾವೇ ಕಟ್ಟಿಬಿಡುತ್ತಾರೆ. ಎಸ್ಕ್ರೋದಲ್ಲಿ ದುಡ್ಡು ಸಾಲುತ್ತಿಲ್ಲ, ಮುಂದಿನ ತಿಂಗಳಿಂದ ಕಂತು ಜಾಸ್ತಿ ಅಂತ ಪತ್ರ ಬಂದಾಗ ಮಾತ್ರ ಬಿಸಿ ಮುಟ್ಟುತ್ತದೆ. ನೀವು ನೋಡುತ್ತಿರುವ ಮನೆಯ ಬಿಲ್ಲನ್ನು ಏಜೆಂಟ್ ಹತ್ತಿರ ಕೇಳಿ ತರಿಸಿಕೊಳ್ಳಿ. ಕೌಂಟಿ ತೆರಿಗೆ, ಓಪನ್ ಸ್ಪೇಸ್ ತೆರಿಗೆ (ಪಾರ್ಕು, ಬಯಲು ಜಾಗ ಉಳಿಸಲು), ಶಾಲೆಯ ತೆರಿಗೆ, ಊರಿನ ತೆರಿಗೆ, ಲೈಬ್ರರಿ ತೆರಿಗೆ ಅಂತ ಒಂದೊಂದು ಸಾಲು ಇರುತ್ತದೆ. ಪ್ರತಿ ಸಾಲಿಗೂ ಬೇರೆ ದರ, 100 ಡಾಲರ್ ಮೌಲ್ಯಕ್ಕೆ ಇಷ್ಟು ಅಂತ. ಫೆಬ್ರವರಿ, ಮೇ, ಆಗಸ್ಟ್, ನವೆಂಬರ್ ಒಂದನೇ ತಾರೀಖು ಕಂತುಗಳು.

ಇಡೀ ರಾಜ್ಯದ ಲೆಕ್ಕ ತೆಗೆದುಕೊಂಡರೆ ಈ ತೆರಿಗೆಯಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಶಾಲೆಗೆ ಹೋಗುತ್ತದೆ. ನಿಮ್ಮ 13 ಸಾವಿರದಲ್ಲಿ ಸುಮಾರು 7 ಸಾವಿರ ಅಂದುಕೊಳ್ಳಿ. ಉಳಿದದ್ದು ಪೊಲೀಸರಿಗೆ, ರಸ್ತೆಗೆ, ಕಸಕ್ಕೆ, ಕೌಂಟಿಗೆ. ಶಾಲೆಯ 7 ಸಾವಿರದಲ್ಲಿ ದೊಡ್ಡ ಪಾಲು ಸಂಬಳ ಮತ್ತು ಆರೋಗ್ಯ ವಿಮೆಗೆ ಹೋಗುತ್ತದೆ. ಮಕ್ಕಳಿಗೆ ಪಾಠ ಹೇಳುವುದು ಮನುಷ್ಯರು ಮಾಡುವ ಕೆಲಸ, ಹಾಗಾಗಿ ಖರ್ಚು ಮನುಷ್ಯರಿಗೇ ಆಗುತ್ತದೆ. ನಿಮ್ಮ ಸಹೋದ್ಯೋಗಿಯ ಮಾತಿನಲ್ಲಿ ನಿಜ ಇರುವುದು ಇಲ್ಲಿಯವರೆಗೆ.

ಪೆನ್ಷನ್ ವಿಷಯ ಬೇರೆ. ನ್ಯೂಜೆರ್ಸಿಯಲ್ಲಿ ಟೀಚರ್‌ಗಳ ಪೆನ್ಷನ್ ನಿಧಿಗೆ ಕೆಲಸ ಕೊಟ್ಟವರು ಹಾಕಬೇಕಾದ ಪಾಲನ್ನು ತುಂಬುವುದು ರಾಜ್ಯ ಸರ್ಕಾರ. ನಿಮ್ಮ ಊರಿನ ಶಾಲಾ ಮಂಡಳಿ ತುಂಬುವುದಿಲ್ಲ. ಅಂದರೆ ಆ ದುಡ್ಡು ರಾಜ್ಯದ ಬೊಕ್ಕಸದಿಂದ ಬರುತ್ತದೆ, ಮನೆ ತೆರಿಗೆಯಿಂದ ಅಲ್ಲ. ಆದರೆ 1990ರ ದಶಕದ ನಡುವಿನಿಂದ ಎರಡು ದಶಕಕ್ಕೂ ಜಾಸ್ತಿ ಕಾಲ, ಯಾವ ಪಕ್ಷದ ಗವರ್ನರ್ ಇದ್ದರೂ, ಸರ್ಕಾರ ತನ್ನ ಪಾಲನ್ನು ಪೂರ್ತಿ ಕಟ್ಟಲೇ ಇಲ್ಲ. ಮತ್ತೆ ಪೂರ್ತಿ ಕಟ್ಟಿದ್ದು 2022ರ ಹಣಕಾಸು ವರ್ಷದಲ್ಲಿ. ಅಷ್ಟೂ ವರ್ಷ ಟೀಚರ್‌ಗಳ ಸಂಬಳದಿಂದ ಅವರ ಪಾಲು ಮಾತ್ರ ತಪ್ಪದೆ ಕಡಿತವಾಗುತ್ತಿತ್ತು. 2011ರ ಕಾನೂನು ಬಂದ ಮೇಲೆ ಅದು ಹಂತಹಂತವಾಗಿ ಸಂಬಳದ ಶೇ. 7.5ಕ್ಕೆ ಏರಿತು. ನಿವೃತ್ತರಿಗೆ ಬೆಲೆ ಏರಿಕೆಗೆ ತಕ್ಕಂತೆ ಸಿಗುತ್ತಿದ್ದ ಹೆಚ್ಚಳವನ್ನೂ ಅದೇ ವರ್ಷ ನಿಲ್ಲಿಸಿದರು. ತಪ್ಪದೆ ಕಟ್ಟಿದವರ ಮೇಲೆ, ಕಟ್ಟದೆ ಉಳಿಸಿಕೊಂಡವರ ಸಾಲದ ಗೂಬೆ ಕೂರಿಸುವುದು ನನಗೆ ನಿಜಕ್ಕೂ ನೋವು ಕೊಡುತ್ತದೆ.

ಇನ್ನು ಸಂಬಳ. ಪ್ರತಿ ಶಾಲಾ ಜಿಲ್ಲೆಯಲ್ಲೂ (ಸಾಮಾನ್ಯವಾಗಿ ಒಂದೊಂದು ಊರಿನ ಪಬ್ಲಿಕ್ ಶಾಲೆಗಳ ಆಡಳಿತ) ಸ್ಯಾಲರಿ ಗೈಡ್ ಅಂತ ಒಂದು ಪಟ್ಟಿ ಇರುತ್ತದೆ, ಯಾರು ಬೇಕಾದರೂ ನೋಡಬಹುದು. ಮೇಲಿನಿಂದ ಕೆಳಕ್ಕೆ ಅನುಭವದ ಮೆಟ್ಟಿಲು, ಎಡದಿಂದ ಬಲಕ್ಕೆ ಓದು: ಬಿಎ, ಎಂಎ, ಎಂಎ ಮೇಲೆ 30 ಕ್ರೆಡಿಟ್. ಹೊಸದಾಗಿ ಸೇರಿದವರಿಗೆ ಈಗ ವರ್ಷಕ್ಕೆ 60 ಸಾವಿರ ಡಾಲರ್ ಆಸುಪಾಸು. ರಾಜ್ಯದ ಸರಾಸರಿ 80 ಸಾವಿರ ದಾಟಿದೆ. ರೂಪಾಯಿಗೆ ಗುಣಿಸಿದರೆ ದೊಡ್ಡದಾಗಿ ಕಾಣುತ್ತದೆ. ಆದರೆ ನೀವು ಮನೆ ನೋಡುತ್ತಿರುವ ಊರಿನಲ್ಲಿ, 60 ಸಾವಿರದಲ್ಲಿ ಒಬ್ಬ ಟೀಚರ್ ಮನೆ ಕೊಳ್ಳುವುದಿರಲಿ, ಒಂಟಿಯಾಗಿ ಎರಡು ರೂಮಿನ ಅಪಾರ್ಟ್‌ಮೆಂಟಿಗೆ ಬಾಡಿಗೆ ಕಟ್ಟುವುದೂ ಕಷ್ಟ. ಎಕನಾಮಿಕ್ ಪಾಲಿಸಿ ಇನ್‌ಸ್ಟಿಟ್ಯೂಟ್ ಅನ್ನುವ ಸಂಶೋಧನಾ ಸಂಸ್ಥೆ ವರ್ಷ ವರ್ಷ ಲೆಕ್ಕ ಹಾಕುತ್ತದೆ. ಅಷ್ಟೇ ಓದಿ ಬೇರೆ ಕೆಲಸಕ್ಕೆ ಹೋದವರಿಗೆ ಹೋಲಿಸಿದರೆ, ದೇಶದಾದ್ಯಂತ ಟೀಚರ್‌ಗಳ ವಾರದ ಸಂಬಳ ಕಾಲುಭಾಗಕ್ಕಿಂತಲೂ ಜಾಸ್ತಿ ಕಡಿಮೆ ಇದೆ. ವಿಮೆ, ಪೆನ್ಷನ್ ಸೇರಿಸಿದರೆ ಅಂತರ ಕಡಿಮೆಯಾಗುತ್ತದೆ, ಹೋಗುವುದಿಲ್ಲ.

ನಮ್ಮ ಮನೆಯ ಪೇ ಸ್ಲಿಪ್ಪನ್ನೇ ಹೇಳುತ್ತೇನೆ. ಮೇಲೆ ಮೂಲ ಸಂಬಳ. ಕೆಳಗೆ ಪೆನ್ಷನ್ ಕಡಿತ, ಅದರ ಕೆಳಗೆ ಆರೋಗ್ಯ ವಿಮೆ ಕಡಿತ. 2011ರ ನಂತರ ಆ ವಿಮೆಯ ಸಾಲು ಎಷ್ಟು ಬೆಳೆಯಿತೆಂದರೆ, ಗೈಡ್‌ನಲ್ಲಿ ಒಂದು ಮೆಟ್ಟಿಲು ಹತ್ತಿದ ವರ್ಷವೂ ಕೈಗೆ ಬರುವ ದುಡ್ಡು ಹೆಚ್ಚುಕಮ್ಮಿ ಅಲ್ಲೇ ನಿಂತದ್ದುಂಟು. 2020ರ ಕಾನೂನು ಇದನ್ನು ಸ್ವಲ್ಪ ಸರಿಮಾಡಿತು. ಆಗಸ್ಟ್ ಕೊನೆ ಬಂತೆಂದರೆ ಕ್ರೇಯಾನ್, ಟಿಶ್ಯೂ, ನೋಟ್‌ಬುಕ್, ಮಕ್ಕಳ ಪುಸ್ತಕ ಇವೆಲ್ಲಾ ನಮ್ಮ ಕಾರಿನ ಡಿಕ್ಕಿಯಲ್ಲಿ ಬರುತ್ತವೆ. ಫೆಡರಲ್ ತೆರಿಗೆಯಲ್ಲಿ ಟೀಚರ್‌ಗಳ ಇಂಥ ಖರ್ಚಿಗೆ ಒಂದು ಮಿತಿಯವರೆಗೆ ವಿನಾಯಿತಿ ಇದೆ. ಅಂಥ ವಿನಾಯಿತಿ ಬೇಕಾಗಿದೆ ಅನ್ನುವುದೇ ಸಾಕಷ್ಟು ಹೇಳುತ್ತದೆ, ಅಲ್ವಾ?

ಹಾಗಾದರೆ ತೆರಿಗೆ ಯಾಕಿಷ್ಟು? ಇದು ಅರ್ಥವಾಗಬೇಕಾದರೆ ಲೆಕ್ಕದ ಕ್ರಮ ಗೊತ್ತಿರಬೇಕು. ಇಲ್ಲಿ ಮೊದಲು ವರ್ಷಕ್ಕೆ ಎಷ್ಟು ದುಡ್ಡು ಎತ್ತಬೇಕು ಅಂತ ತೀರ್ಮಾನವಾಗುತ್ತದೆ. ಆಮೇಲೆ ಅದನ್ನು ಊರಿನ ಆಸ್ತಿಗಳ ಮೇಲೆ ಹಂಚುತ್ತಾರೆ.

ಎರಡು ಊರು ಅಂದುಕೊಳ್ಳಿ. ಎರಡರಲ್ಲೂ ಅಷ್ಟೇ ಮಕ್ಕಳು, ಅಷ್ಟೇ ಟೀಚರ್‌ಗಳು, ಸಂಬಳವೂ ಒಂದೇ. ಎರಡೂ ಕಡೆ ಶಾಲೆಗೆ ಊರಿನಿಂದ 2 ಕೋಟಿ ಡಾಲರ್ ಬೇಕು. ಮೊದಲ ಊರಿನಲ್ಲಿ ಗೋದಾಮುಗಳಿವೆ, ಮಾಲ್ ಇದೆ, ದೊಡ್ಡ ಆಫೀಸುಗಳಿವೆ, ಒಟ್ಟು ಆಸ್ತಿ ಮೌಲ್ಯ 400 ಕೋಟಿ ಡಾಲರ್. ಎರಡನೇ ಊರಿನಲ್ಲಿ ಬರೀ ಮನೆಗಳು, 100 ಕೋಟಿ. ಈಗ 5 ಲಕ್ಷ ಡಾಲರಿನ ಮನೆಗೆ ಶಾಲೆಯ ತೆರಿಗೆ ಮೊದಲ ಊರಿನಲ್ಲಿ 2,500 ಡಾಲರ್, ಎರಡನೇ ಊರಿನಲ್ಲಿ 10,000. ಯಾವ ಟೀಚರ್‌ಗೂ ಒಂದು ಡಾಲರ್ ಜಾಸ್ತಿ ಕೊಟ್ಟಿಲ್ಲ, ಆದರೂ ತೆರಿಗೆ ನಾಲ್ಕು ಪಟ್ಟು. ಇದು ನಾನು ಹಾಕಿಕೊಂಡ ಲೆಕ್ಕ, ಆದರೆ ಈ ರಾಜ್ಯದಲ್ಲಿ ಅಕ್ಕಪಕ್ಕದ ಊರುಗಳ ದರ ಹೋಲಿಸಿದರೆ ಇದೇ ರೀತಿ ಕಾಣುತ್ತದೆ. ಶಾಲೆಯ ಖರ್ಚನ್ನು ಪುಟ್ಟ ಪುಟ್ಟ ಊರುಗಳ ಮನೆಗಳ ತಲೆಗೆ ಕಟ್ಟಿದ್ದೇ ಮೂಲ ಕಾರಣ ಅಂತ ನಾನು ಹೇಳುವುದು ಇದಕ್ಕೇ. ನ್ಯೂಜೆರ್ಸಿಯಲ್ಲಿ 564 ಊರಾಡಳಿತಗಳಿವೆ, ಶಾಲಾ ಜಿಲ್ಲೆಗಳು 600ರ ಆಸುಪಾಸು. ಬಹುಪಾಲು ಜಿಲ್ಲೆಗಳಿಗೆ ತಮ್ಮದೇ ಒಬ್ಬ ಸೂಪರಿಂಟೆಂಡೆಂಟ್ (ಮುಖ್ಯಾಧಿಕಾರಿ), ಒಂದು ಆಫೀಸು.

ಇದು ತಪ್ಪು ಅಂತ ಕೋರ್ಟು ಹೇಳಿ ಎಷ್ಟೋ ಕಾಲವಾಯಿತು. 1973ರಲ್ಲಿ ರಾಬಿನ್ಸನ್ ವಿರುದ್ಧ ಕೇಹಿಲ್ ಪ್ರಕರಣದಲ್ಲಿ ರಾಜ್ಯದ ಸುಪ್ರೀಂ ಕೋರ್ಟು, ಹೀಗೆ ಮನೆ ತೆರಿಗೆಯನ್ನೇ ನೆಚ್ಚಿಕೊಂಡು ಶಾಲೆ ನಡೆಸುವುದು ರಾಜ್ಯದ ಸಂವಿಧಾನಕ್ಕೆ ವಿರುದ್ಧ ಅಂದಿತು. ಶಾಸಕರು ಎಳೆದಾಡುತ್ತಲೇ ಇದ್ದರು. 1976ರ ಜುಲೈನಲ್ಲಿ ಕೋರ್ಟಿನ ಆದೇಶದಿಂದ ಶಾಲೆಗಳು ಕೆಲವು ದಿನ ಮುಚ್ಚಿಯೇ ಹೋದವು. ಆಗ ಗವರ್ನರ್ ಬ್ರೆಂಡನ್ ಬರ್ನ್ ಕಾಲದಲ್ಲಿ ರಾಜ್ಯಕ್ಕೆ ಇನ್‌ಕಮ್ ಟ್ಯಾಕ್ಸ್ ಬಂತು. ಆ ದುಡ್ಡು ಮನೆ ತೆರಿಗೆಯ ಭಾರ ಇಳಿಸಲಿಕ್ಕೇ ಮೀಸಲು. ಆಮೇಲೆ ಅಬ್ಬಟ್ ವಿರುದ್ಧ ಬರ್ಕ್ ಪ್ರಕರಣದ ತೀರ್ಪುಗಳಿಂದ ಕ್ಯಾಮ್ಡನ್‌ನಂಥ ಬಡ ಊರುಗಳ ಶಾಲೆಗಳಿಗೆ ರಾಜ್ಯದ ದುಡ್ಡು ಹೆಚ್ಚಾಯಿತು. 2008ರಲ್ಲಿ ಶಾಲೆಗಳಿಗೆ ದುಡ್ಡು ಹಂಚಲು ಹೊಸ ಸೂತ್ರ ಮಾಡಿದರು. ಆ ಸೂತ್ರದ ಪ್ರಕಾರ ಪೂರ್ತಿ ದುಡ್ಡು ಬಜೆಟ್ಟಿನಲ್ಲಿ ಬಂದದ್ದು 2024ರಲ್ಲಿ. ನಡುವಿನ ವರ್ಷಗಳಲ್ಲಿ ಬಿದ್ದ ಕೊರತೆಯನ್ನು ಎಷ್ಟೋ ಊರುಗಳಲ್ಲಿ ಮನೆಯವರು ತುಂಬಿದರು. ಎಲ್ಲಿ ತುಂಬಲಾಗಲಿಲ್ಲವೋ ಅಲ್ಲಿ ಟೀಚರ್‌ಗಳು ಕಡಿಮೆಯಾದರು.

ಇನ್ನೂ ಎರಡು ಖರ್ಚು ಹೇಳಲೇಬೇಕು. ಒಂದು ಆರೋಗ್ಯ ವಿಮೆ. ತೆರಿಗೆ ಸಂಗ್ರಹವನ್ನು ವರ್ಷಕ್ಕೆ ಶೇ. 2ಕ್ಕಿಂತ ಜಾಸ್ತಿ ಏರಿಸಬಾರದು ಅಂತ 2010ರಲ್ಲಿ ಕಾನೂನು ಬಂತು, ಕೆಲವು ವಿನಾಯಿತಿಗಳಿವೆ. ಆದರೆ ಶಾಲಾ ನೌಕರರ ವಿಮೆಯ ದರ ಇತ್ತೀಚಿನ ವರ್ಷಗಳಲ್ಲಿ ಎರಡಂಕಿ ಶೇಕಡಾದಲ್ಲಿ ಏರಿದೆ. ಅದು ಟೀಚರ್ ಕೈಗೆ ಹೋಗುವ ದುಡ್ಡಲ್ಲ, ಆಸ್ಪತ್ರೆಗೆ, ವಿಮೆ ಕಂಪನಿಗೆ, ಔಷಧಿಗೆ ಹೋಗುವ ದುಡ್ಡು. ಬಜೆಟ್ಟಿನಲ್ಲಿ ಮಾತ್ರ ನೌಕರರ ಖರ್ಚು ಅಂತಲೇ ಕಾಣಿಸುತ್ತದೆ. ಇನ್ನೊಂದು, ವಿಶೇಷ ಅಗತ್ಯವಿರುವ ಮಕ್ಕಳ ಶಿಕ್ಷಣ. 1975ರ ಕಾನೂನಿನಲ್ಲಿ ಅಂಥ ಪ್ರತಿ ಮಗುವಿಗೂ, ದೇಶದಲ್ಲಿ ಒಬ್ಬ ವಿದ್ಯಾರ್ಥಿಗೆ ಆಗುವ ಸರಾಸರಿ ಖರ್ಚಿನ ಶೇ. 40ರವರೆಗೆ ಫೆಡರಲ್ ಸರ್ಕಾರ ಕೊಡುವ ಮಾತಾಗಿತ್ತು. ಇವತ್ತಿನವರೆಗೂ ಅದರ ಹತ್ತಿರಕ್ಕೂ ಬಂದಿಲ್ಲ. ಆ ಮಕ್ಕಳಿಗೆ ಕೊಡಬೇಕಾದದ್ದನ್ನು ಕೊಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಕೊರತೆಯೂ ಬಂದು ಬೀಳುವುದು ನಿಮ್ಮ ಬಿಲ್ಲಿನ ಅದೇ ಸಾಲಿನ ಮೇಲೆ.

ಮನೆ ತೆರಿಗೆ ಕಡಿಮೆ ಇರುವ ರಾಜ್ಯಕ್ಕೆ ಹೋದರೆ ಟೀಚರ್, ಮನೆಯವರು ಇಬ್ಬರೂ ಸುಖವಾಗಿರುತ್ತಾರಾ? ವೆಸ್ಟ್ ವರ್ಜೀನಿಯಾ ನೋಡಿ. ಮನೆ ತೆರಿಗೆ ದೇಶದಲ್ಲೇ ತೀರಾ ಕಡಿಮೆ ಇರುವ ರಾಜ್ಯಗಳಲ್ಲಿ ಅದೂ ಒಂದು. 2018ರ ಫೆಬ್ರವರಿಯಲ್ಲಿ ಅಲ್ಲಿನ 55 ಕೌಂಟಿಗಳಲ್ಲೂ ಟೀಚರ್‌ಗಳು ಮುಷ್ಕರಕ್ಕೆ ಇಳಿದರು. ಶಾಲೆಗಳು ಒಂಬತ್ತು ದಿನ ನಡೆಯಲಿಲ್ಲ. ಕೊನೆಗೆ ಶೇ. 5 ಏರಿಕೆ ಸಿಕ್ಕಿತು. ಅವರ ದೊಡ್ಡ ದೂರುಗಳಲ್ಲಿ ಸಂಬಳದ ಜೊತೆಗೆ ಇದ್ದದ್ದು ಇದೇ ಆರೋಗ್ಯ ವಿಮೆ.

ನಮ್ಮೂರ ಕಡೆಯ ಪದ್ಧತಿ ಗೊತ್ತಿರುವವರಿಗೆ ಇದು ವಿಚಿತ್ರ ಅನಿಸುವುದು ಸಹಜ. ಕರ್ನಾಟಕದಲ್ಲಿ ಸರ್ಕಾರಿ ಶಾಲೆಯ ಕಾಯಂ ಮೇಷ್ಟ್ರ ಸಂಬಳ ರಾಜ್ಯದ ಖಜಾನೆಯಿಂದ ಬರುತ್ತದೆ. ಬೀದರಿನ ಹಳ್ಳಿಯಲ್ಲೂ ಜಯನಗರದಲ್ಲೂ ವೇತನ ಶ್ರೇಣಿ ಒಂದೇ, ಮನೆ ಬಾಡಿಗೆ ಭತ್ಯೆಯಂಥದ್ದು ಮಾತ್ರ ಬೇರೆ. ಬೆಂಗಳೂರಿನಲ್ಲಿ ಕಟ್ಟುವ ಆಸ್ತಿ ತೆರಿಗೆಯಲ್ಲಿ ಗ್ರಂಥಾಲಯ ಸೆಸ್ ಇದೆ, ಭಿಕ್ಷುಕರ ಸೆಸ್ ಇದೆ, ಮೇಷ್ಟ್ರ ಸಂಬಳ ಇಲ್ಲ. ಊರಿನ ಆಸ್ತಿ ಬೆಲೆ ನೋಡಿ ಸಂಬಳ ನಿಗದಿಯಾಗದಿರುವುದು ನ್ಯಾಯವಾದ ಪದ್ಧತಿ ಅಂತಲೇ ನನ್ನ ಅಭಿಪ್ರಾಯ. ಆದರೆ ಅಲ್ಲೂ ಕಾಯಂ ಹುದ್ದೆ ಖಾಲಿ ಬಿಟ್ಟು, ಅತಿಥಿ ಶಿಕ್ಷಕರಿಗೆ ಚೂರು ಗೌರವಧನ ಕೊಟ್ಟು ವರ್ಷ ತಳ್ಳುತ್ತಾರೆ. ದುಡ್ಡು ರಾಜ್ಯದಿಂದ ಬಂದ ಮಾತ್ರಕ್ಕೆ ಎಲ್ಲಾ ಸರಿಹೋಗುವುದಿಲ್ಲ.

ತೆರಿಗೆಯ ಭಾರ ಸುಳ್ಳು ಅಂತ ನಾನು ಹೇಳುತ್ತಿಲ್ಲ. 2024ರಲ್ಲಿ ರಾಜ್ಯದ ಸರಾಸರಿ ಬಿಲ್ಲು ಮೊದಲ ಸಲ 10 ಸಾವಿರ ಡಾಲರ್ ದಾಟಿತು. ನಮ್ಮ ಬೀದಿಯಲ್ಲಿ ಸಾಲ ಎಂದೋ ತೀರಿಸಿ, ಪೆನ್ಷನ್ನಿನಲ್ಲಿ ಬದುಕುವ ಹಿರಿಯರಿದ್ದಾರೆ. ಅವರಿಗೆ ತಿಂಗಳಿಗೆ ಎಂಟುನೂರು ಡಾಲರ್ ಅಂದರೆ ಸ್ವಂತ ಮನೆಯಲ್ಲೇ ಬಾಡಿಗೆಗೆ ಇದ್ದ ಹಾಗೆ. ಅವರು ಸಿಟ್ಟಾಗುವುದು ನ್ಯಾಯ. ಆ ಸಿಟ್ಟು ಟೀಚರ್ ಮೇಲೆ ತಿರುಗಿದಾಗ, ಅಷ್ಟು ವರ್ಷ ಸೂತ್ರದ ದುಡ್ಡು ಪೂರ್ತಿ ಕೊಡದೆ ಕೂತ ಟ್ರೆಂಟನ್‌ನವರನ್ನು, ಅಂದರೆ ರಾಜಧಾನಿಯಲ್ಲಿ ಕೂತ ರಾಜ್ಯ ಸರ್ಕಾರದವರನ್ನು, ಯಾರೂ ಕೇಳುವುದಿಲ್ಲ.

ಈಗ ನಿಮಗೆ ಕೆಲಸಕ್ಕೆ ಬರುವ ವಿಷಯ. ಮನೆ ಇಷ್ಟವಾದರೆ ಬೆಲೆಯ ಜೊತೆಗೆ ಊರಿನ ತೆರಿಗೆ ದರವನ್ನೂ, ಅಲ್ಲಿ ಗೋದಾಮು, ಅಂಗಡಿ, ಆಫೀಸು ಎಷ್ಟಿವೆ ಅನ್ನುವುದನ್ನೂ ನೋಡಿ. ಪ್ರತಿ ಶಾಲಾ ಜಿಲ್ಲೆಯೂ ತನ್ನ ವೆಬ್‌ಸೈಟಿನಲ್ಲಿ ಯೂಸರ್ ಫ್ರೆಂಡ್ಲಿ ಬಜೆಟ್ ಅಂತ ಹಾಕಬೇಕು. ರಾಜ್ಯದ ನೆರವು ಎಷ್ಟು, ಊರಿನ ತೆರಿಗೆ ಎಷ್ಟು, ವಿಮೆಗೆ ಎಷ್ಟು ಅಂತ ಅದರಲ್ಲಿ ಸಿಗುತ್ತದೆ. ಕೊಂಡ ಮೇಲೆ ಬಜೆಟ್ ಸಭೆಗೆ ಹೋಗಿ. ಏಪ್ರಿಲ್ ಕೊನೆಯ ಹೊತ್ತಿಗೆ ನಡೆಯುತ್ತದೆ, ಯಾರು ಬೇಕಾದರೂ ಮೈಕಿನ ಮುಂದೆ ನಿಂತು ಕೇಳಬಹುದು. ವೋಟಿಲ್ಲದ ಎಚ್-1ಬಿ ಕನ್ನಡಿಗರೂ ಕೇಳಬಹುದು. ತೆರಿಗೆ ಕಟ್ಟುವವರು ನೀವು, ಮಕ್ಕಳು ಓದುವುದೂ ಅಲ್ಲೇ.

ಮನೆ ತೆರಿಗೆಯ ಭಾರ ಇಳಿಸಲು ದುಡ್ಡು ಕೊಡುವ ಆಂಕರ್ ಅನ್ನುವ ರಾಜ್ಯದ ಯೋಜನೆಗೆ ಮರೆಯದೆ ಅರ್ಜಿ ಹಾಕಿ. ಆದಾಯ ಒಂದೂವರೆ ಲಕ್ಷ ಡಾಲರ್‌ವರೆಗೆ ಇದ್ದರೆ 1,500 ಡಾಲರ್, ಎರಡೂವರೆ ಲಕ್ಷದವರೆಗೆ 1,000. ಬಾಡಿಗೆಗೆ ಇರುವವರಿಗೂ ಮಿತಿಯೊಳಗೆ ಇದ್ದರೆ 450 ಡಾಲರ್ ಇದೆ, ಹಾಗಾಗಿ ಈಗಲೇ ವಿಚಾರಿಸಿ. ಫೆಡರಲ್ ರಿಟರ್ನ್‌ನಲ್ಲಿ ರಾಜ್ಯ ಮತ್ತು ಸ್ಥಳೀಯ ತೆರಿಗೆ ಕಳೆಯಲು ಇದ್ದ 10 ಸಾವಿರದ ಮಿತಿ 2025ಕ್ಕೆ 40 ಸಾವಿರ ಆಗಿದೆ, ಆದಾಯ ತುಂಬಾ ಜಾಸ್ತಿ ಇದ್ದವರಿಗೆ ಮಾತ್ರ ಇಳಿಯುತ್ತದೆ. ನಿಮ್ಮ ಮನೆಗೆ ಹಾಕಿದ ಮೌಲ್ಯ ಜಾಸ್ತಿಯಾಯಿತು ಅನಿಸಿದರೆ ಮೇಲ್ಮನವಿ ಹಾಕಬಹುದು. ಮಿಡಲ್‌ಸೆಕ್ಸ್‌ನಲ್ಲಿ ಸಾಮಾನ್ಯವಾಗಿ ಏಪ್ರಿಲ್ 1 ಕೊನೆ ದಿನ. ಅಕ್ಕಪಕ್ಕದಲ್ಲಿ ಇತ್ತೀಚೆಗೆ ಮಾರಾಟವಾದ ಅಂಥದೇ ಮನೆಗಳ ಬೆಲೆ ಕೈಯಲ್ಲಿಟ್ಟುಕೊಂಡು ಹೋಗಿ.