ಹಬ್ಬದ ರಾತ್ರಿ ಊಟಕ್ಕೆ 12 ಜನ, ತರಕಾರಿ ಪಲ್ಯ ಯಾವುದು ಮಾಡಲಿ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಹಬ್ಬದ ರಜೆಗೆ ಮನೆಮಂದಿಯೆಲ್ಲ ಅತ್ತೆಯವರ ಮನೆಯಲ್ಲಿ ಸೇರುತ್ತಿದ್ದೀರಿ. ರಾತ್ರಿ ಊಟಕ್ಕೆ 12 ಜನ. ಮುಖ್ಯ ಅಡುಗೆ ಅತ್ತೆಯವರದು, ಒಂದು ತರಕಾರಿ ಪಲ್ಯ ಮಾತ್ರ ನಿಮ್ಮ ಪಾಲಿಗೆ ಬಂದಿದೆ. ಮಕ್ಕಳು ತರಕಾರಿ ಕಂಡರೆ ತಟ್ಟೆ ದೂಡುತ್ತಾರೆ, ಮಾವನವರಿಗೆ ಹಲ್ಲಿನ ತೊಂದರೆ, ನಾದಿನಿಗೆ ಗೋಡಂಬಿ, ಬಾದಾಮಿ ಆಗುವುದಿಲ್ಲ. ಎಲ್ಲರೂ ತಿನ್ನುವಂಥದ್ದು ಏನಿದೆ ಅಂತ ಕೇಳಿದ್ದೀರಿ.

ನನ್ನ ಉತ್ತರ: ಬೀನ್ಸ್ ಮತ್ತು ಕ್ಯಾರೆಟ್. ಹಿಂದಿನ ದಿನವೇ ಅರ್ಧ ಬೇಯಿಸಿ ಇಟ್ಟುಕೊಳ್ಳಿ. ಊಟಕ್ಕೆ ಕೂರುವ ಹತ್ತು ನಿಮಿಷ ಮೊದಲು ಬೆಣ್ಣೆ, ಬೆಳ್ಳುಳ್ಳಿಯಲ್ಲಿ ಬಾಡಿಸಿ ಬಡಿಸಿ. ಕೇಳೋಕೆ ತೀರಾ ಸಾಮಾನ್ಯ ಅನ್ನಿಸಬಹುದು. ಆದರೆ ಇದನ್ನೇ ಯಾಕೆ ಹೇಳುತ್ತಿದ್ದೇನೆ ಅನ್ನೋದಕ್ಕೆ ಗಟ್ಟಿ ಕಾರಣ ಇದೆ.

ಕೆಲವು ವರ್ಷಗಳ ಹಿಂದೆ ಇಂಥದ್ದೇ ಊಟಕ್ಕೆ ನಾನು ಹೂಕೋಸು ಒಪ್ಪಿಕೊಂಡಿದ್ದೆ. 14 ಜನ ಬರುವವರಿದ್ದರು. ಎಂಟು ಗಂಟೆಗೆ ಊಟ ಅಂದರು, ಏಳೂವರೆಗೆ ದೊಡ್ಡ ಪಾತ್ರೆಯಲ್ಲಿ ಬೇಯಲು ಇಟ್ಟೆ. ಇಬ್ಬರು ಬರುವುದು ತಡವಾಯಿತು. ಊಟ ಶುರುವಾದಾಗ ಒಂಬತ್ತೂಕಾಲು. ಅಷ್ಟು ಹೊತ್ತು ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿ ಇಟ್ಟಿದ್ದೆ. ಹೂಕೋಸು ಮೆತ್ತಗಾಗಿ ಮುದ್ದೆಯಾಯಿತು. ಅದಕ್ಕಿಂತ ಹೆಚ್ಚಾಗಿ ಇಡೀ ಮನೆಯಲ್ಲಿ ಆ ಗಂಧಕದ ವಾಸನೆ. ಹೂಕೋಸು, ಎಲೆಕೋಸು, ಬ್ರೊಕೋಲಿ ಎಲ್ಲ ಒಂದೇ ಬಳಗ. ಇವುಗಳಲ್ಲಿ ಗಂಧಕ ಸೇರಿದ ಅಂಶಗಳಿವೆ. ಬೇಗ ಬೇಯಿಸಿ ಇಳಿಸಿದರೆ ಸಿಹಿಯಾಗಿರುತ್ತವೆ, ಹೊತ್ತು ಹೆಚ್ಚಿದಷ್ಟೂ ವಾಸನೆ ಏರುತ್ತದೆ. ಅವತ್ತು ಯಾರೂ ಏನೂ ಅನ್ನಲಿಲ್ಲ. ಆದರೆ ಪಾತ್ರೆ ಮುಕ್ಕಾಲು ತುಂಬಿಯೇ ಉಳಿಯಿತು. ಬೆಳಿಗ್ಗೆಯಿಂದ ಹೆಚ್ಚಿ, ತೊಳೆದು ಮಾಡಿದ್ದು ಹಾಗೆ ಉಳಿದಾಗ ನಿಜಕ್ಕೂ ಬೇಜಾರಾಯಿತು.

ಅಂದಿನಿಂದ ಪಲ್ಯ ಆರಿಸುವಾಗ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆಯೇ ಬೇರೆ. ಯಾವುದು ರುಚಿ ಅಂತಲ್ಲ, ಯಾವುದು ಕಾಯುತ್ತದೆ ಅಂತ. ಮನೆಮಂದಿ ಎಲ್ಲ ಸೇರುವ ಊಟ ಹೇಳಿದ ಹೊತ್ತಿಗೆ ಶುರುವಾಗುವುದು ಅಪರೂಪ, ಅಲ್ವಾ? ಯಾರೋ ದಾರಿಯಲ್ಲಿರುತ್ತಾರೆ, ಯಾವುದೋ ಮಗು ಮಲಗಿರುತ್ತದೆ, ಮುಖ್ಯ ಅಡುಗೆ ಇನ್ನೂ ಅರ್ಧ ಗಂಟೆ ಬೇಕು ಅನ್ನುತ್ತದೆ. ನೀವು ಮಾಡುವ ತರಕಾರಿ ಈ ತಡವನ್ನು ತಡೆದುಕೊಳ್ಳಬೇಕು. ಆರಿ ಉಗುರುಬೆಚ್ಚಗಾದರೂ ತಿನ್ನುವ ಹಾಗಿರಬೇಕು.

ಎರಡನೆಯ ಪ್ರಶ್ನೆ, ಒಲೆ ಯಾರದು? ಇದನ್ನು ತುಂಬಾ ಜನ ಮರೆಯುತ್ತಾರೆ. ಅಡುಗೆಮನೆ ಅತ್ತೆಯವರದು. ಕೊನೆಯ ಒಂದು ಗಂಟೆ ಎಲ್ಲ ಒಲೆಗಳೂ ಅವರಿಗೇ ಬೇಕು. ಓವನ್ ಇದ್ದರೂ ಅದರಲ್ಲಿ ಮುಖ್ಯ ಅಡುಗೆಯೇ ಕೂತಿರುತ್ತದೆ. ನಿಮ್ಮ ಪಲ್ಯಕ್ಕೆ ಒಂದೇ ಒಲೆ, ಅದೂ ಹತ್ತು ನಿಮಿಷ ಸಾಕು ಅನ್ನುವಂತಿದ್ದರೆ ಇಬ್ಬರಿಗೂ ನೆಮ್ಮದಿ. ಮೊದಲೇ ಫೋನ್ ಮಾಡಿ, "ಅತ್ತೆ, ಕೊನೆಗೆ ಹತ್ತು ನಿಮಿಷ ಒಂದು ಒಲೆ ಬಿಟ್ಟುಕೊಡ್ತೀರಾ?" ಅಂತ ಕೇಳಿಟ್ಟುಕೊಳ್ಳಿ. ಹಾಗೆಯೇ ಅವರು ಏನೇನು ಮಾಡುತ್ತಿದ್ದಾರೆ ಅಂತಲೂ ಕೇಳಿ. ಊಟದಲ್ಲಿ ಆಗಲೇ ಬೆಣ್ಣೆ, ಕೆನೆ, ಕರಿದದ್ದು ಜಾಸ್ತಿ ಇದ್ದರೆ ನಿಮ್ಮ ಪಲ್ಯ ಹಗುರ ಇರಲಿ, ಸ್ವಲ್ಪ ಹುಳಿ ಇರಲಿ. ಎಲ್ಲವೂ ಮೆತ್ತಗಿದ್ದರೆ ನಿಮ್ಮದು ಕಚ್ಚಲು ಸಿಗಲಿ. ಎಲ್ಲವೂ ಕಂದು, ಬಿಳಿ ಬಣ್ಣವಾದರೆ ನಿಮ್ಮದರಲ್ಲಿ ಹಸಿರು, ಕೇಸರಿ ಇರಲಿ. ತಟ್ಟೆಯಲ್ಲಿ ಏನಿಲ್ಲವೋ ಅದನ್ನು ಕೊಡುವುದೇ ಪಲ್ಯದ ಕೆಲಸ. ಬೀನ್ಸ್, ಕ್ಯಾರೆಟ್ ಜೋಡಿ ಈ ಎಲ್ಲದಕ್ಕೂ ಒದಗುತ್ತದೆ.

ಬೇರೆ ಯಾವುದೂ ಬೇಡವೇ ಅಂದರೆ, ಒಂದೆರಡು ಮಾತು. ಸೊಪ್ಪು ಈ ಸಲ ಬೇಡ. ಬುಟ್ಟಿ ತುಂಬ ತಂದರೂ ಬೆಂದ ಮೇಲೆ ಒಂದು ಬಟ್ಟಲಾಗುತ್ತದೆ, 12 ಜನಕ್ಕೆ ಸಾಲದು. ಅಣಬೆಯೂ ಹಾಗೆಯೇ. ಅದರಲ್ಲಿ ತೂಕದ ನೂರಕ್ಕೆ 90ಕ್ಕೂ ಹೆಚ್ಚು ಪಾಲು ನೀರೇ. ಬೀಟ್‌ರೂಟ್ ನನಗೆ ತುಂಬಾ ಇಷ್ಟ, ಆದರೆ ಅದರ ಬಣ್ಣ ತಟ್ಟೆಯ ಬೇರೆಲ್ಲದಕ್ಕೂ ಹತ್ತುತ್ತದೆ, ಮಕ್ಕಳು ಅದನ್ನು ಕ್ಷಮಿಸುವುದಿಲ್ಲ. ಓವನ್‌ನಲ್ಲಿ ಸುಟ್ಟ ತರಕಾರಿಯ ರುಚಿಗೆ ಸಾಟಿಯಿಲ್ಲ, ಅದನ್ನು ಒಪ್ಪುತ್ತೇನೆ. 200ರಿಂದ 220 ಡಿಗ್ರಿ ಬಿಸಿಯಲ್ಲಿ ಅಂಚು ಕಂದಾಗಿ ಬರುವ ಆ ಸಿಹಿಯನ್ನು ನೀರಿನಲ್ಲಿ ಬೇಯಿಸಿ ತರಲಾಗದು. ನೀರು 100 ಡಿಗ್ರಿ ದಾಟುವುದಿಲ್ಲ, ಹಾಗಾಗಿ ತರಕಾರಿ ಕಂದಾಗುವುದೇ ಇಲ್ಲ. ಆದರೆ ಸುಡಬೇಕಾದರೆ ಹೋಳುಗಳು ಟ್ರೇಯಲ್ಲಿ ಒಂದೇ ಪದರವಾಗಿ, ಬಿಡಿಬಿಡಿಯಾಗಿ ಇರಬೇಕು. ಒತ್ತೊತ್ತಾಗಿ ತುಂಬಿದರೆ ತಮ್ಮದೇ ಹಬೆಯಲ್ಲಿ ಬೆಂದು ಮೆತ್ತಗಾಗುತ್ತವೆ. 12 ಜನಕ್ಕೆ ಅಂದರೆ ಮೂರು, ನಾಲ್ಕು ಟ್ರೇ. ಇನ್ನೊಬ್ಬರ ಮನೆಯಲ್ಲಿ ಅದು ಆಗದ ಮಾತು. ಮನೆಯಲ್ಲೇ ಸುಟ್ಟು ಡಬ್ಬಿಯಲ್ಲಿ ಮುಚ್ಚಿಕೊಂಡು ಹೋದರೆ ಅದರ ಗರಿಗರಿ ದಾರಿಯಲ್ಲೇ ಹೋಗಿರುತ್ತದೆ.

ಈಗ ಮಾಡುವ ರೀತಿ. ತಲೆಗೆ 120ರಿಂದ 150 ಗ್ರಾಂ ಹಸಿ ತರಕಾರಿ ಅಂತ ಲೆಕ್ಕ ಹಾಕಿ. ಊಟದಲ್ಲಿ ಬೇರೆ ಪದಾರ್ಥಗಳೂ ಇರುವಾಗ ಇಷ್ಟು ಸಾಕು. 1 ಕೆಜಿ ಬೀನ್ಸ್, 700 ಗ್ರಾಂ ಕ್ಯಾರೆಟ್ ತನ್ನಿ. ಬೀನ್ಸ್ ಆರಿಸುವಾಗ ಒಂದನ್ನು ಮುರಿದು ನೋಡಿ. ಟಕ್ ಅಂತ ಮುರಿಯಬೇಕು. ಬಾಗಿದರೆ ಹಳೆಯದು. ಒಳಗಿನ ಕಾಳು ಹೊರಗೆ ಉಬ್ಬಿ ಕಾಣುತ್ತಿದ್ದರೆ ಬಲಿತಿದೆ, ಎಷ್ಟು ಬೇಯಿಸಿದರೂ ನಾರು ನಾರು.

ಹಿಂದಿನ ದಿನ ಸಂಜೆ ತುದಿ ತೆಗೆದು ಬೆರಳುದ್ದ ಹೆಚ್ಚಿ. ಕ್ಯಾರೆಟ್ಟನ್ನೂ ಅಷ್ಟೇ ಉದ್ದಕ್ಕೆ, ಬೀನ್ಸ್‌ಗಿಂತ ತುಸು ದಪ್ಪಗೆ ಕಡ್ಡಿ ಮಾಡಿ. ದೊಡ್ಡ ಪಾತ್ರೆಯಲ್ಲಿ 3 ಲೀಟರ್ ನೀರಿಗೆ 2 ದೊಡ್ಡ ಚಮಚ ಉಪ್ಪು ಹಾಕಿ ಕುದಿಸಿ. ಇಷ್ಟು ಉಪ್ಪಾ ಅಂತ ಹೆದರಬೇಡಿ, ಬಹುಪಾಲು ನೀರಿನ ಜೊತೆಗೇ ಹೋಗುತ್ತದೆ. ತರಕಾರಿಯ ಒಳಗೆ ರುಚಿ ಇಳಿಯಬೇಕಾದರೆ ಇದು ಬೇಕು, ಮೇಲಿನಿಂದ ಉದುರಿಸಿದ ಉಪ್ಪು ಮೇಲೆಯೇ ಉಳಿಯುತ್ತದೆ. ನೀರು ಕೊತಕೊತ ಕುದಿಯುವಾಗ ಬೀನ್ಸ್ ಹಾಕಿ, ಒಂದು ಸಲಕ್ಕೆ ಅರ್ಧ ಕೆಜಿಗಿಂತ ಕಡಿಮೆ. ಜಾಸ್ತಿ ಸುರಿದರೆ ನೀರು ತಣ್ಣಗಾಗಿ ಮತ್ತೆ ಕುದಿ ಬರಲು ಹೊತ್ತು ಹಿಡಿಯುತ್ತದೆ. ಮುಚ್ಚಳ ಹಾಕಬೇಡಿ. ನಾಲ್ಕು ನಿಮಿಷಕ್ಕೆ ಒಂದನ್ನು ಕಚ್ಚಿ ನೋಡಿ. ಹಸಿ ವಾಸನೆ ಹೋಗಿ, ಹಲ್ಲಿಗೆ ಇನ್ನೂ ಸ್ವಲ್ಪ ಗಟ್ಟಿ ಸಿಗಬೇಕು. ಕೂಡಲೇ ಜಾಲರಿ ಸೌಟಿನಲ್ಲಿ ಎತ್ತಿ ಐಸ್ ಹಾಕಿದ ನೀರಿಗೆ ಬಿಡಿ. ಅದೇ ಕುದಿನೀರಿಗೆ ಆಮೇಲೆ ಕ್ಯಾರೆಟ್, ಅದೂ ನಾಲ್ಕೈದು ನಿಮಿಷ.

ಈ ಐಸ್ ನೀರಿನ ಹಂತವನ್ನು ಬಿಡಬೇಡಿ, ಇಡೀ ಕೆಲಸದ ಗುಟ್ಟು ಇಲ್ಲೇ ಇದೆ. ಬೀನ್ಸ್ ಹಸಿರಾಗಿರುವುದು ಕ್ಲೋರೋಫಿಲ್‌ನಿಂದ. ಅದರ ನಡುವೆ ಒಂದು ಮೆಗ್ನೀಶಿಯಂ ಕಣ ಕೂತಿರುತ್ತದೆ. ಬಿಸಿ ತಾಗಿದಾಗ ತರಕಾರಿಯ ಒಳಗಿನ ಹುಳಿ ಹೊರಬಂದು ಆ ಕಣವನ್ನು ಜರುಗಿಸುತ್ತದೆ. ಆಗಲೇ ಹಸಿರು ಮಾಸಿ ಮಂಕು ಬಣ್ಣ ಬರುವುದು. ಮುಚ್ಚಳ ಬೇಡ ಅಂದಿದ್ದೂ ಇದಕ್ಕೇ, ಸ್ವಲ್ಪ ಹುಳಿಯಾದರೂ ಹಬೆಯ ಜೊತೆ ಹೋಗಲಿ ಅಂತ. ಏಳೆಂಟು ನಿಮಿಷ ದಾಟಿದರೆ ಬಣ್ಣ ಉಳಿಸುವುದು ಕಷ್ಟ. ನೀರಿನಿಂದ ತೆಗೆದ ಮೇಲೂ ಒಳಗಿನ ಬಿಸಿಗೆ ಬೇಯುತ್ತಲೇ ಇರುತ್ತದೆ, ಅದನ್ನು ತಟ್ಟನೆ ನಿಲ್ಲಿಸುವುದು ಐಸ್ ನೀರು. ಬಣ್ಣಕ್ಕೆ ಅಡುಗೆ ಸೋಡಾ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಹಸಿರೇನೋ ಉಳಿಯುತ್ತದೆ, ಆದರೆ ಬೀನ್ಸ್ ಲೋಳೆಯಾಗುತ್ತದೆ, ವಿಟಮಿನ್ ಸಿ ಕೂಡ ಹೆಚ್ಚು ಹಾಳಾಗುತ್ತದೆ. ನಿಂಬೆರಸವನ್ನು ಕೊನೆಗೆ ಹಾಕಿ ಅನ್ನುವುದೂ ಇದೇ ಕಾರಣಕ್ಕೆ. ಮೊದಲೇ ಹಿಂಡಿದರೆ ಅರ್ಧ ಗಂಟೆಯಲ್ಲಿ ಬಣ್ಣ ಇಳಿದುಹೋಗುತ್ತದೆ.

ತಣ್ಣಗಾದ ಮೇಲೆ ಸೋಸಿ, ಒಣಬಟ್ಟೆಯ ಮೇಲೆ ಹರಡಿ ನೀರು ಚೆನ್ನಾಗಿ ಆರಿಸಿ. ಒದ್ದೆಯಾಗಿ ಇಟ್ಟರೆ ಮರುದಿನ ಬಾಣಲೆಯಲ್ಲಿ ನೀರು ಬಿಡುತ್ತದೆ. ಡಬ್ಬಿಗೆ ತುಂಬಿ ಫ್ರಿಜ್‌ನಲ್ಲಿಡಿ. ಮರುದಿನ ಒಯ್ಯುವಾಗಲೂ ತಣ್ಣಗೇ ಇರಲಿ, ಐಸ್ ಪ್ಯಾಕ್ ಜೊತೆಗಿಟ್ಟುಕೊಳ್ಳಿ. ಬೇಯಿಸಿದ ತರಕಾರಿ 2 ಗಂಟೆಗಿಂತ ಜಾಸ್ತಿ ಸುಮ್ನೆ ಹೊರಗೆ ಇರಬಾರದು. ಈ ಮಾತು ಊಟದ ಮೇಜಿಗೂ ಅನ್ವಯ.

ಊಟಕ್ಕೆ ಹತ್ತು ನಿಮಿಷ ಇರುವಾಗ ಅಗಲ ಬಾಣಲೆಯಲ್ಲಿ 60 ಗ್ರಾಂ ಬೆಣ್ಣೆ ಅಥವಾ 4 ದೊಡ್ಡ ಚಮಚ ಎಣ್ಣೆ. ಆರೇಳು ಎಸಳು ಬೆಳ್ಳುಳ್ಳಿ ಸಣ್ಣಗೆ ಹೆಚ್ಚಿ ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಮಾತ್ರ ಹುರಿಯಿರಿ. ಕಂದಾದರೆ ಕಹಿ. ತರಕಾರಿ ಹಾಕಿ ಉರಿ ಏರಿಸಿ, ಐದು ನಿಮಿಷ ಕೈಯಾಡಿಸಿ. ಬಾಣಲೆ ಚಿಕ್ಕದಾದರೆ ಎರಡು ಸಲ ಮಾಡಿ, ಒಂದೇ ಸಲಕ್ಕೆ ತುಂಬಬೇಡಿ. ಉಪ್ಪು ನೋಡಿ, ಕಾಳುಮೆಣಸಿನ ಪುಡಿ ಹಾಕಿ, ಒಲೆ ಆರಿಸಿದ ಮೇಲೆ ಒಂದು ನಿಂಬೆಹಣ್ಣು ಹಿಂಡಿ. ಬೆಣ್ಣೆ ರುಚಿಗೆ ಮಾತ್ರವಲ್ಲ. ಕ್ಯಾರೆಟ್‌ನಲ್ಲಿರುವ ಬೀಟಾ ಕ್ಯಾರೊಟಿನ್ ಜಿಡ್ಡಿನ ಜೊತೆ ಸೇರಿದಾಗಲೇ ಮೈಗೆ ಚೆನ್ನಾಗಿ ಹಿಡಿಯುವುದು.

ಮಾವನವರ ವಿಷಯ ಮುಖ್ಯ. ಅವರ ಪಾಲನ್ನು ಹಿಂದಿನ ದಿನವೇ ಬೇರೆ ತೆಗೆಯಿರಿ. ಎರಡು ಹಿಡಿಯಷ್ಟು ಬೀನ್ಸ್, ಕ್ಯಾರೆಟ್ ಸಣ್ಣಗೆ ಹೆಚ್ಚಿ, ಹತ್ತು ಹನ್ನೆರಡು ನಿಮಿಷ ಪೂರ್ತಿ ಮೆತ್ತಗೆ ಬೇಯಿಸಿ. ಬಣ್ಣ ಕೊಂಚ ಮಂಕಾಗುತ್ತದೆ, ಆಗಲಿ. ಎಲ್ಲರ ಜೊತೆ ಅದೇ ಬೆಣ್ಣೆ, ಅದೇ ಬೆಳ್ಳುಳ್ಳಿ ಹಾಕಿ ಕೊಡಿ. ಎಲ್ಲರೂ ತಿನ್ನುವುದನ್ನೇ ತಾವೂ ತಿನ್ನಬೇಕು ಅನ್ನುವ ಆಸೆ ವಯಸ್ಸಾದವರಿಗೆ ಇರುತ್ತದೆ. ಬೇರೆ ಪಥ್ಯದ ಬಟ್ಟಲು ಮುಂದೆ ಬಂದಾಗ ಅವರು ಕುಗ್ಗುವುದನ್ನು ನಾನು ನೋಡಿದ್ದೇನೆ.

ನಾದಿನಿಗಾಗಿ ಗೋಡಂಬಿ, ಬಾದಾಮಿ ಪೂರ್ತಿ ಬಿಡಿ. ಬೇಕಾದವರಿಗೆ ಮೇಲೆ ಉದುರಿಸೋಣ ಅಂತಲೂ ಬೇಡ, ಒಂದೇ ಸೌಟು ಎಲ್ಲ ಕಡೆ ಓಡಾಡುತ್ತದೆ. ಗರಿಗರಿ ಬೇಕು ಅನ್ನಿಸಿದರೆ ಈರುಳ್ಳಿಯನ್ನು ತೆಳ್ಳಗೆ ಹೆಚ್ಚಿ ಕೆಂಪಗೆ ಕರಿದು ಮೇಲೆ ಹಾಕಿ. ಅದಕ್ಕೆ ಬಳಸುವ ಎಣ್ಣೆ, ಬಾಣಲೆಯಲ್ಲಿ ಗೋಡಂಬಿ ಕರಿದಿಲ್ಲ ಅಂತ ಅತ್ತೆಯವರ ಬಳಿ ಒಮ್ಮೆ ಕೇಳಿಕೊಳ್ಳಿ.

ಇನ್ನು ಮಕ್ಕಳು. ಅವರನ್ನು ಹಟಮಾರಿ ಅನ್ನಬೇಡಿ. ಕಹಿಯನ್ನು ಗುರುತಿಸುವ ಶಕ್ತಿ ಹುಟ್ಟಿನಿಂದಲೇ ಒಬ್ಬೊಬ್ಬರಿಗೆ ಒಂದೊಂದು ತರ. ಅದರ ಹಿಂದೆ ಟಿಎಎಸ್2ಆರ್38 ಅನ್ನುವ ಒಂದು ಜೀನ್ ಇದೆ. ನಮಗೆ ಏನೂ ಅನ್ನಿಸದ ಬ್ರೊಕೋಲಿ, ಕೋಸು ಕೆಲವು ಮಕ್ಕಳಿಗೆ ನಿಜವಾಗಿಯೂ ಕಹಿ. ಉಪ್ಪು ಆ ಕಹಿಯನ್ನು ಅಡಗಿಸುತ್ತದೆ. ಚಪ್ಪೆ ತರಕಾರಿ ಕೊಟ್ಟು ತಿನ್ನು ಅಂದರೆ ಆಗದು. ಕ್ಯಾರೆಟ್ ಸಿಹಿ, ಅಲ್ಲಿಂದ ಶುರುಮಾಡಿ. ಕಾಳುಮೆಣಸು ಹಾಕುವ ಮೊದಲೇ ಅವರಿಗಾಗಿ ಒಂದು ಬಟ್ಟಲು ತೆಗೆದಿಡಿ. ಒತ್ತಾಯ ಬೇಡ, ಎರಡು ಕಡ್ಡಿ ತಿಂದರೂ ಸಾಕು.

ಒಂದು ಕೆಲಸ ಖಂಡಿತ ಮಾಡಿ ನೋಡಿ. ಹಿಂದಿನ ದಿನ ಬೀನ್ಸ್ ತುದಿ ಮುರಿಯುವುದನ್ನು ಮಕ್ಕಳಿಗೇ ಕೊಡಿ. ಚಾಕು ಬೇಡ, ಕೈಯಲ್ಲೇ ಆಗುತ್ತದೆ. ನಮ್ಮ ಮನೆಯ ಚಿಕ್ಕವಳು ಟಕ್ ಟಕ್ ಅಂತ ಮುರಿಯುತ್ತಾ ಕೂತು, ಮರುದಿನ ಊಟದಲ್ಲಿ ಎಲ್ಲರಿಗೂ "ಇದು ನಾನು ಮುರಿದಿದ್ದು" ಅಂತ ತಾನೇ ಬಡಿಸಿಕೊಂಡು ಬಂದಳು. ಆಮೇಲೆ ತನ್ನ ತಟ್ಟೆಗೂ ಹಾಕಿಕೊಂಡಳು.